ಗಿರಿಜಕ್ಕ ಹೇಳುವ ಗಡಿಯಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಆದರೆ ಕಳೆದ ಸೆಪ್ಟೆಂಬರಿನ ಆ ಭಾನುವಾರ ಹಾಲೆಂಡಿನ ಕಾಪೆಲ್ಲೆಯ ನಮ್ಮ ಬೌಲ್ಸ್ ಕ್ಲಬ್ಬಿನ ಬೆಂಚಿನ ಮೇಲೆ ಕೂತು ನುಂಗಿಕೊಂಡ ಸಿಟ್ಟು ಯಾರ ಮೇಲಿನದು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಅಂದಪ್ಪನವರ ಮೇಲಂತೂ ಅಲ್ಲ.

ಅಂದಪ್ಪನವರು ಗದಗದ ಕಡೆಯವರು. ರಾಟರ್‌ಡ್ಯಾಮಿನಲ್ಲಿ ಹೂಳೆತ್ತುವ ಹಡಗುಗಳ ಪಂಪು ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದರು. ಹೆಂಡತಿ ಗಿರಿಜಾದೇವಿ, ನನ್ನ ಬಾಯಲ್ಲಿ ಗಿರಿಜಕ್ಕ. ನಾನು ಮೈಸೂರಿನವಳು, ಭಾನುಮತಿ. ಮಂಡಿನೋವಿಗೆ ಫಿಸಿಯೋ ಹೇಳಿದನೆಂದು ಕ್ಲಬ್ಬು ಸೇರಿದೆ. ಅಲ್ಲಿ ಕನ್ನಡದವರೆಂದರೆ ನಾವು ಮೂವರೇ. ಉಳಿದವರೆಲ್ಲ ಪಿಂಚಣಿಯ ಡಚ್ಚರು. ಕಾಫಿಗೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವ ಜನ.

ಬೌಲ್ಸ್ ಎಂದರೆ ಪಿನ್ನು ಬೀಳಿಸುವ ಆಟವಲ್ಲ. ನೆಲಮಟ್ಟಕ್ಕೆ ಕತ್ತರಿಸಿದ ಹುಲ್ಲು, ಆ ತುದಿಯಲ್ಲಿ ಜ್ಯಾಕ್ ಎನ್ನುವ ಪುಟ್ಟ ಬಿಳಿ ಚೆಂಡು. ಈ ತುದಿಯಿಂದ ದೊಡ್ಡ ಚೆಂಡು ಉರುಳಿಸಿ ಅದರ ಹತ್ತಿರ ನಿಲ್ಲಿಸಬೇಕು. ದೊಡ್ಡ ಚೆಂಡು ಪೂರ್ತಿ ದುಂಡಗಿಲ್ಲ, ವೇಗ ಇಳಿದಂತೆ ಒಂದು ಪಕ್ಕಕ್ಕೆ ವಾಲುತ್ತದೆ. ನನಗೆ ಇದನ್ನೆಲ್ಲ ಕಲಿಸಿದವರು ಅಂದಪ್ಪನವರೇ. "ನಮ್ಮ ಚೆಂಡು ಜ್ಯಾಕಿನ ಹತ್ರ ಇದ್ರ ಬಾಗಲಾ ಹಾಕ್ಕೋಬೇಕು. ಅವರ ಚೆಂಡು ಹತ್ರ ಇದ್ರ ಬಾಗಲಾ ಒಡೀಬೇಕು. ಇಷ್ಟ ನೋಡ್ರಿ ಆಟ," ಎನ್ನುತ್ತಿದ್ದರು. ಬಾಗಿಲು ಹಾಕುವುದೆಂದರೆ ನಡುದಾರಿಯಲ್ಲಿ ಒಂದು ಚೆಂಡು ನಿಲ್ಲಿಸಿ ಎದುರಾಳಿಗೆ ಅಡ್ಡ ಹಾಕುವುದು. ಒಡೆಯುವುದೆಂದರೆ ಜೋರಾಗಿ ಬಿಟ್ಟು ಚೆದುರಿಸುವುದು.

ಅಂಥವರ ಕಣ್ಣು ಹೋಗುತ್ತಾ ಬಂತು. ನೋಟದ ನಟ್ಟನಡುವೆ ಹೊಗೆ ತುಂಬಿದ ಹಾಗೆ, ಅಂಚು ಮಾತ್ರ ಉಳಿದದ್ದು. ಎದುರಿನವರನ್ನು ನೋಡಬೇಕಾದರೆ ಮುಖವನ್ನು ಬಲಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡುತ್ತಿದ್ದರು. ಅವರಪ್ಪನಿಗೂ ಹೀಗೇ ಆಗಿತ್ತಂತೆ. ಮಾಡುವುದಕ್ಕೆ ಏನೂ ಇಲ್ಲ, ಮಕ್ಕಳಿಗೂ ಬರಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ಅಂದಪ್ಪನವರು ತಮ್ಮ ಕಣ್ಣಿನ ಮಾತೇ ಆಡಲಿಲ್ಲ. ಇರುವವಳು ಒಬ್ಬಳೇ ಮಗಳು ವೈಷ್ಣವಿ, ಟಿಲ್‌ಬರ್ಗ್‌ನಲ್ಲಿ ಕೆಲಸ. "ಆಕಿಗೆ ಬರಬಾರದು ನೋಡ್ರಿ. ನನಗ ಏನರ ಆಗ್ಲಿ," ಎಂದು ನನ್ನ ಮುಂದೆಯೇ ಅತ್ತಿದ್ದರು. ಕೆಲವು ವಾರದ ಮೇಲೆ ಗಿರಿಜಕ್ಕ ಸುದ್ದಿ ತಂದರು: "ಚೆಕಪ್ ಮಾಡಿಸ್ಯಾಳ್ರಿ. ಏನೂ ಇಲ್ಲಂತ." ಅವತ್ತು ಅಂದಪ್ಪನವರು ಕ್ಲಬ್ಬಿಗೆಲ್ಲ ಬೇಸನ್ ಉಂಡಿ ಹಂಚಿದರು.

ಆಟ ಮಾತ್ರ ಬಿಡಲಿಲ್ಲ. ಕಣ್ಣು ಕಾಣದವರಿಗೆಂದೇ ಈ ಆಟದಲ್ಲಿ ಒಂದು ಪದ್ಧತಿ ಇದೆ. ಜೊತೆಯವರೊಬ್ಬರು ಜ್ಯಾಕಿನ ಬಳಿ ನಿಂತು, ಚೆಂಡು ಎಲ್ಲಿ ನಿಂತಿತೆಂದು ಗಡಿಯಾರದ ಲೆಕ್ಕದಲ್ಲಿ ಕೂಗಿ ಹೇಳಬೇಕು. ಜ್ಯಾಕಿನ ಆಚೆ ನಿಂತರೆ ಹನ್ನೆರಡು ಗಂಟೆ, ಈಚೆ ನಿಂತರೆ ಆರು, ಬಲಕ್ಕೆ ಮೂರು. ನಮ್ಮ ಕ್ಲಬ್ಬಿನಲ್ಲಿ ಆ ಒಬ್ಬರನ್ನು ಬಿಟ್ಟು ಬೇರೆ ಯಾರೂ ಆಟಗಾರನಿಗೆ ಪಿಟ್ಟೆನ್ನುವಂತಿಲ್ಲ. ಗಿರಿಜಕ್ಕ ಹಾಗೆ ಗಂಡನ ಕಣ್ಣಾಗಿ ನಿಂತರು. ಡಚ್ಚರಿಗೂ ಈ ಗಡಿಯಾರ ರೂಢಿಯಾಗಿಬಿಟ್ಟಿತು. ಅಂದಪ್ಪನ ಮುಖ ಯಾವಾಗಲೂ ಎರಡು ಗಂಟೆಗೆ ಎಂದು ಕೋರ್ ಎಂಬ ಹಳೇ ಆಟಗಾರ ತಮಾಷೆ ಮಾಡಿದರೆ ಅಂದಪ್ಪನವರೇ ಮೊದಲು ನಗುತ್ತಿದ್ದರು.

ಮೊದಮೊದಲು ಗಿರಿಜಕ್ಕ ಇದ್ದದ್ದು ಇದ್ದಂತೆ ಹೇಳುತ್ತಿದ್ದರು. ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು. ಮನೆಗೆ ಬಂದರೆ ಗಂಡನ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ. ಒಂದು ದಿನ ಒಂದು ಮಾರು ದೂರ ನಿಂತ ಚೆಂಡನ್ನು "ಗೇಣು ದೂರ ಐತ್ರಿ" ಎಂದುಬಿಟ್ಟರು. ಅವತ್ತು ಆ ಮನುಷ್ಯ ಹೊಟ್ಟೆ ತುಂಬ ಉಂಡರಂತೆ. ಅಲ್ಲಿಂದ ಶುರು. ನಾನು ಗದರಿದರೆ, "ಗೇಣು ಕಡಿಮಿ ಹೇಳಿದ್ರ ಯಾರಿಗೇನ ಲುಕ್ಸಾನ ಭಾನಕ್ಕಾ?" ಎಂದರು.

ವೈಷ್ಣವಿ ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ ಜಾಸ್ತಿಯಂತೆ. ಭಾನುವಾರ ಆಟ ಮುಗಿಯುವ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಗಿರಿಜಕ್ಕ ಫೋನು ಹಿಡಿದು, "ನಗಾಕತ್ತಾಳ್ರಿ. ದಪ್ಪ ಆಗ್ಯಾಳ," ಎಂದು ವರದಿ ಒಪ್ಪಿಸುವರು. ನಾನೂ ಒಂದೆರಡು ಸಲ ಇಣುಕಿದ್ದೆ. ಆ ಹುಡುಗಿ ನಗುವುದಿರಲಿ, ಮುಖ ಕೊಟ್ಟು ಮಾತೇ ಆಡುತ್ತಿರಲಿಲ್ಲ. ಎತ್ತಲೋ ತಿರುಗಿಕೊಂಡು, ಪಕ್ಕದಲ್ಲಿ ಟಿವಿ ಇಟ್ಟುಕೊಂಡವಳ ಹಾಗೆ. ಎಂಥಾ ಸೊಕ್ಕಿನ ಹುಡುಗಿ, ಹೆತ್ತಪ್ಪನ ಜೊತೆ ಮಾತಾಡುವ ರೀತಿಯೇ ಇದು ಎಂದು ನನಗೆ ಮೈಯೆಲ್ಲ ಉರಿದಿತ್ತು.

ಆ ಭಾನುವಾರ ಸೀಸನ್ನಿನ ಕೊನೆಯ ಪಂದ್ಯ. ಅಂದಪ್ಪನವರಿಗೂ ಕೋರ್‌ಗೂ. ಕೊನೆಯ ಸುತ್ತಿಗೆ ಬಂದಾಗ ಅಂಕ ಸಮಸಮ. ಕೋರ್‌ನ ಚೆಂಡು ಜ್ಯಾಕಿನಿಂದ ನಾಲ್ಕು ಬೆರಳು ದೂರದಲ್ಲಿ ಕೂತಿತ್ತು. ಅಂದಪ್ಪನವರು ತಮ್ಮ ನಾಲ್ಕರಲ್ಲಿ ಮೂರನೆಯ ಚೆಂಡು ಎತ್ತಿ, ಅದು ವಾಲುವ ಪಕ್ಕದ ಗುರುತನ್ನು ಹೆಬ್ಬೆರಳಿನಿಂದ ತಡವಿ, ಬಗ್ಗಿ, ಬಿಟ್ಟರು. ಅದು ಹೋಗಿ ಬಲಗಡೆ, ಹುಲ್ಲಿನ ಸುತ್ತ ತೋಡಿದ ಚರಂಡಿಯ ಅಂಚಿನಲ್ಲಿ ನಿಂತಿತು.

"ಎಲ್ಲೈತಿ?" ಎಂದು ಕೂಗಿದರು.

ಗಿರಿಜಕ್ಕ ಚರಂಡಿಯ ಕಡೆ ನೋಡಿದರು. ಗಂಡನ ಮುಖ ನೋಡಿದರು. "ಆರು ಗಂಟಿಗೆ, ರೀ. ಜ್ಯಾಕಿಗೆ ಹತ್ತಿ ಕುಂತೈತಿ. ನಮ್ಮದ ಹತ್ರ!"

ಅಯ್ಯೋ ದೇವರೇ! ಆಗ ಅವರಿಗಿದ್ದದ್ದು ಒಂದೇ ಚೆಂಡು. ನಿಜ ಗೊತ್ತಿದ್ದರೆ ಬಾಗಿಲು ಒಡೆಯುತ್ತಿದ್ದರು. ಆ ತೋಳಿನಲ್ಲಿ ಇನ್ನೂ ಕಸುವಿತ್ತು. ಆದರೆ ತಮ್ಮದೇ ಹತ್ತಿರವಿದೆ ಎಂದುಕೊಂಡ ಮನುಷ್ಯ ಬಾಗಿಲು ಹಾಕಲು ಹೊರಟರು. ಬೇಡ ಎಂದು ಕಿರುಚಬೇಕೆನಿಸಿತು. ಕಿರುಚುವಂತಿಲ್ಲ. ಕಿರುಚಿದರೆ ಮಾನ ಹೋಗುವುದು ಗಿರಿಜಕ್ಕನದು. ಬೆಂಚಿನ ಅಂಚು ಹಿಡಿದು ಕೂತೆ. ಅಂದಪ್ಪನವರು ಅಳೆದು ತೂಗಿ ಬಿಟ್ಟ ಚೆಂಡು ನಡುದಾರಿಯಲ್ಲಿ, ಬೇಕೆಂದ ಜಾಗದಲ್ಲೇ ನಿಂತಿತು. ಎಂಥಾ ಸೊಗಸಾದ ಅಡ್ಡ! ಕಾಯುವುದಕ್ಕೆ ಮಾತ್ರ ಅಲ್ಲಿ ಏನೂ ಇರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೋರ್ ಕೈಯಲ್ಲಿದ್ದ ಕೊನೆಯ ಚೆಂಡನ್ನು ಉರುಳಿಸದೆ ಕೆಳಗಿಟ್ಟ. ಡಚ್ಚರಿಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಬಂದು ಕೈಕುಲುಕಿ, "ಗೆದ್ದವನು ನಾನು, ಅಂದಪ್ಪ. ನಿನ್ನ ಮೂರನೆಯದು ಚರಂಡಿ ಹತ್ತಿರ ಇದೆ," ಎಂದ.

ಅಂದಪ್ಪನವರು ಗಿರಿಜಕ್ಕನ ತೋಳು ಹಿಡಿದು ಒಳಗೆ ಬಂದು ಕೂತರು. ಕಾಫಿ ಬಂತು, ಬಿಸ್ಕತ್ತು ಬಂತು. ಯಾವುದನ್ನೂ ಮುಟ್ಟಲಿಲ್ಲ.

"ಭಾಳ ದಿನದಿಂದ ಹಿಂಗ ಹೇಳಾಕತ್ತೀಯೇನು?"

"ಹೂಂ ರೀ." ಗಿರಿಜಕ್ಕ ಬಿಸ್ಕತ್ತನ್ನು ಗಂಡನ ಕಡೆ ಸರಿಸಿದರು. "ನೀವು ಉಣವಲ್ರಿ. ನಾ ಏನ್ ಮಾಡ್ಲಿ?"

"ಚೆಂಡಿನ ಮಾತು ಹಾಳಾಗಿ ಹೋಗ್ಲಿ." ಅಂದಪ್ಪನವರು ಹೆಂಡತಿಯ ಕಡೆ ತಿರುಗಿದರು. "ಫೋನಿನ್ಯಾಗ ವೈಷ್ಣವಿ ನಗ್ತಾಳಂತಿ. ಮಾತಾಡುವಾಗ ಆಕಿ ಮಾರಿ ಯಾ ಕಡೆ ಇರತೈತಿ?"

ಗಿರಿಜಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

"ಗಡಿಯಾರ ಹಾಕಿ ಹೇಳು. ಖರೇ ಹೇಳು."

"ಎರಡು ಗಂಟಿಗೆ, ರೀ."

ಎರಡು ಗಂಟೆಗೆ ಮುಖ ತಿರುಗಿಸಿ, ಕಣ್ಣಂಚಿನಿಂದ ಅಪ್ಪನನ್ನು ಹುಡುಕುತ್ತಿದ್ದ ಆ ಮಗುವನ್ನು ನಾನು ಸೊಕ್ಕಿನವಳು ಅಂದುಕೊಂಡಿದ್ದೆನಲ್ಲ! ಚೆಕಪ್ಪಿನಲ್ಲಿ ಏನೂ ಇಲ್ಲ ಎಂದದ್ದೂ ಗೇಣು ಕಡಿಮೆ ಹೇಳಿದ ಮಾತೇ.

"ಅಪ್ಪಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಾಳ್ರಿ," ಎಂದು ಗಿರಿಜಕ್ಕ ಬಿಕ್ಕಿದರು. "ನೀವು ನೊಂದ್ಕೋತೀರಂತ."

ಅಷ್ಟರಲ್ಲಿ ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ಭಾನುವಾರದ ಕಾಲ್. ಗಿರಿಜಕ್ಕನಿಂದ ಕೈ ಎತ್ತಲಾಗಲಿಲ್ಲ. ನಾನೇ ಒತ್ತಿ, ಅಂದಪ್ಪನವರ ಮುಂದೆ ಹಿಡಿದೆ.

"ಅಪ್ಪಾ! ಮ್ಯಾಚ್ ಏನಾಯ್ತು?"

ಅಂದಪ್ಪನವರು ಮುಖವನ್ನು ಬಲಕ್ಕೆ ತಿರುಗಿಸಲಿಲ್ಲ. ನೇರ ಫೋನಿನ ಕಡೆ, ತಮಗೆ ಏನೂ ಕಾಣದ ಕಡೆಗೇ ಹಿಡಿದರು.

"ಗೆದ್ನವಾ," ಎಂದರು.

"ಸೂಪರ್ ಅಪ್ಪಾ! ನಂಗೆಷ್ಟು ಖುಷಿ ಆಗಿದೆ ಗೊತ್ತಾ? ನಗ್ತಾ ಇದೀನಿ ನೋಡು. ಅಮ್ಮಾ, ಹೇಳಮ್ಮಾ ಅಪ್ಪಂಗೆ."

ಗಿರಿಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಕಾಣಸಾಕತ್ತೈತಿ ಮಗಳ," ಎಂದರು ಅಂದಪ್ಪನವರು. "ಛಂದ ನಗಾಕತ್ತಿ."