ವೀರಬಸಪ್ಪನ ಹಮ್ಮು

ಶಿಕಾರಿಪುರದಲ್ಲಿ ಮೋಟಾರು ಕೆಟ್ಟವರೆಲ್ಲ ವೀರಬಸಪ್ಪನ ವೈಂಡಿಂಗ್ ಅಂಗಡಿ ಹುಡುಕಿಕೊಂಡು ಬರುತ್ತಿದ್ದದ್ದು ಅವನ ಕಿವಿಗಾಗಿ. ಮೀಟರು ಹಚ್ಚಿ ನೋಡುವವರು ನೋಡಲಿ, ಅವನು ಮಾತ್ರ ಓಡುತ್ತಿರುವ ಮೋಟಾರಿಗೆ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿಗೊಟ್ಟು, “ಬೇರಿಂಗ್ ಹೋಗೈತಿ” ಎಂದರೆ ಮುಗಿಯಿತು. ಬಿಚ್ಚಿದರೆ ಅದೇ ಹೋಗಿರುತ್ತಿತ್ತು. ಇಪ್ಪತ್ತೆರಡು ವರ್ಷ ಆ ಕಿವಿಯಿಂದಲೇ ಮನೆ ನಡೆದಿತ್ತು.

ತೊಂಬತ್ತಾರರಲ್ಲಿ ಸೊರಬದ ಬಟ್ಟೆ ವ್ಯಾಪಾರಿ ಗಂಗಾಧರಪ್ಪ ತಮ್ಮ ಸ್ಟೀರಿಯೋ ಸೆಟ್ಟನ್ನು ಅವನ ಅಂಗಡಿಗೆ ತಂದಿಳಿಸಿದರು. ವಚನದ ಕ್ಯಾಸೆಟ್ ಹಾಕಿದರೆ ಹಾಡಿನ ಹಿಂದೆ ಸದಾ ಗುಂಯ್ ಎನ್ನುವ ಸದ್ದು. ಇಂಗ್ಲಿಷಿನ ‘ಹಮ್’ಗೆ ಬಾಲ ಹಚ್ಚಿ ರಿಪೇರಿಯವರು ಅದನ್ನು ‘ಹಮ್ಮು’ ಎನ್ನುತ್ತಿದ್ದರು. ಕೇಳಿದಾಗಲೆಲ್ಲ ಅವನ ಹೆಂಡತಿ ನೀಲಾಂಬಿಕಳಿಗೆ ನಗು.

“ಪೆಟ್ಟಿಗೇದು ಆಮ್ಯಾಲೆ ತೆಗೀರಂತೆ. ಮೊದ್ಲು ನಿಮ್ಮ ಹಮ್ಮು ತೆಗೀರಿ. ನನ್ನಂಥ ಕಿವಿ ಜಿಲ್ಲೆದಾಗೇ ಇಲ್ಲ ಅಂತ ಮೆರೀತೀರಲ್ಲ!”

ದೋಷ ಸೆಟ್ಟಿನದಲ್ಲ, ಕರೆಂಟಿನದು. ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಎಲ್ಲದರ ಗಲೀಜೂ ಅದೇ ಲೈನಿನಲ್ಲಿ ಬರುತ್ತಿತ್ತು. ಮನೆಯ ಎರಡು ತಂತಿಗಳಲ್ಲಿ ಒಂದಕ್ಕೆ ಪೂರಾ ಇನ್ನೂರಮೂವತ್ತು ವೋಲ್ಟು, ಇನ್ನೊಂದಕ್ಕೆ ಸೊನ್ನೆ. ವೀರಬಸಪ್ಪ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿ ಎರಡಕ್ಕೂ ಸಮಪಾಲು, ನೂರಹದಿನೈದು ನೂರಹದಿನೈದು, ಹಂಚಿದ. ನಡುಮಧ್ಯವನ್ನು ಅರ್ತಿಂಗಿಗೆ ಕಟ್ಟಿದ. ಒಂದು ತಂತಿಯ ಗಲೀಜು ಇನ್ನೊಂದರ ಗಲೀಜಿನ ಜೊತೆ ಹೊಡೆದಾಡಿ ಅಲ್ಲೇ ಸಾಯಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಸೆಟ್ ಹಚ್ಚಿದರೆ ಗುಂಯ್! ಬಿಚ್ಚಿದ, ಸುತ್ತು ಎಣಿಸಿ ಮತ್ತೆ ಸುತ್ತಿದ. ಗುಂಯ್. ವಾರಗಳೇ ಕಳೆದು ಮೂರನೇ ಸಲ ಸುತ್ತಿದರೂ ಅದೇ ಹಾಳು ಸದ್ದು.

“ನನಗೇನೂ ಕೇಳ್ತಿಲ್ಲಪ್ಪ” ಎಂದಳು ನೀಲಾಂಬಿಕ.

“ನಿನಗೇನು ತಿಳೀತತಿ, ಸುಮ್ನಿರು!”

ಅಷ್ಟರಲ್ಲಿ ಊರಿಗೆ ಊರೇ ಕರೆಂಟು ಹೋಯಿತು. ಸೆಟ್ಟಿನ ಕೆಂಪು ದೀಪ ಆರಿತು, ಫ್ಯಾನು ನಿಂತಿತು, ಎದುರಿನ ಗಿರಣಿಯೂ ನಿಂತಿತು. ಗುಂಯ್ ಮಾತ್ರ ನಿಲ್ಲಲಿಲ್ಲ.

ವೀರಬಸಪ್ಪ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಎರಡೂ ಕಿವಿ ಮುಚ್ಚಿಕೊಂಡರೆ ಸದ್ದು ಇನ್ನೂ ಜೋರಾಯಿತು. ಸೆಟ್ಟು ಎಂದೋ ಸರಿಯಾಗಿತ್ತು. ಕೆಟ್ಟಿದ್ದು ತನ್ನ ಕಿವಿ. ಗಾಬರಿಯಾಗಬೇಕಿತ್ತು, ಆಗಲಿಲ್ಲ. ದುಃಖವೂ ಬರಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿಯುವ ಹಾಗೆ ಮನಸ್ಸು ಜೋಮು ಹಿಡಿದಿತ್ತು. “ಊಟಕ್ಕೆ ಬರ್ರಿ” ಎಂದಳು ನೀಲಾಂಬಿಕ. ಹೋಗಿ ಉಂಡ. ಏನು ಉಂಡನೋ ಅವನಿಗೇ ಗೊತ್ತಿಲ್ಲ.

ಮರುದಿನ ಬಾಡಿಗೆ ವ್ಯಾನಿನಲ್ಲಿ ಸೆಟ್ಟನ್ನೂ ಟ್ರಾನ್ಸ್‌ಫಾರ್ಮರನ್ನೂ ಸೊರಬಕ್ಕೆ ಒಯ್ದು ಜೋಡಿಸಿದ. ಗಂಗಾಧರಪ್ಪ ಸ್ಪೀಕರಿನ ಬಲೆಗೆ ಕಿವಿ ಹಚ್ಚಿ ಕೂತು, ಮುಖ ಅರಳಿಸಿಕೊಂಡು ಎದ್ದರು.

“ಅಬ್ಬಬ್ಬಾ! ಪೂರ್ತಿ ಸುಮ್ಮನಾಗೋಯ್ತಲ್ಲ ಮಾರಾಯ್ರೆ! ಉಳವಿಯಲ್ಲಿ ನಮ್ಮ ಭಾವನ ಮನೇಲೂ ಇದೇ ಗೋಳು. ಅವರಿಗೂ ಒಂದು ಮಾಡಿಕೊಡಿ.”

ಹೇಳಿಬಿಡಬೇಕು ಎಂದು ವೀರಬಸಪ್ಪ ದಾರಿಯಲ್ಲೇ ನಿಶ್ಚಯಿಸಿದ್ದ. ಸದಾ ಗುಂಯ್‌ಗುಡುವ ಕಿವಿ ಇಟ್ಟುಕೊಂಡು ಜನರ ಮೋಟಾರಿಗೆ ತೀರ್ಪು ಹೇಳುವುದು ಮೋಸ.

“ಇಲ್ರಿ, ಇನ್ಮ್ಯಾಲೆ ಕೆಲ್ಸ ಒಪ್ಕಳದಿಲ್ಲ. ನನಗ ಹಮ್ಮು ಹತ್ತೈತ್ರಿ. ಹೋಗವಲ್ದು.”

ಗಂಗಾಧರಪ್ಪ ತೊಡೆ ತಟ್ಟಿಕೊಂಡು ನಕ್ಕರು. “ನಿಮಗೆ ಹಮ್ಮಾ? ಇಂಥಾ ಕೆಲಸ ಮಾಡಿ ತನ್ನನ್ನೇ ಹಳಿದುಕೊಳ್ಳೋರನ್ನ ನಾನು ನೋಡೇ ಇಲ್ಲ! ದೊಡ್ಡ ಮನುಷ್ಯರು ಕಣ್ರೀ ನೀವು!” ಒಳಗಿನಿಂದ ಶಾಲು ತರಿಸಿ ಹೊದಿಸಿದರು.

ಅದಲ್ಲ, ಇದು ಬೇರೆ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಮತ್ತೆ ಸ್ಪೀಕರಿಗೆ ಕಿವಿ ಹಚ್ಚಿ ಕೂತಿದ್ದರು. ಶಾಲು ಹೊದ್ದುಕೊಂಡೇ ಬಸ್ ಸ್ಟ್ಯಾಂಡಿಗೆ ಬಂದ.

ಬಸ್ಸಿನಲ್ಲಿ ಎಂಜಿನ್ ಪಕ್ಕದ ಸೀಟು ಸಿಕ್ಕಿತು. ಡ್ರೈವರು ಗಾಡಿ ಚಾಲೂ ಮಾಡಿದ್ದೇ ತಡ, ಆ ಗಡಗಡದಲ್ಲಿ ಕಿವಿಯ ಸದ್ದು ಮುಳುಗಿಹೋಯಿತು. ಎಷ್ಟೋ ವಾರಗಳ ಮೇಲೆ ವೀರಬಸಪ್ಪನ ಹೆಗಲು ಸಡಿಲಾದವು.

“ಶಿಕಾರಿಪುರ ಬಂತು, ಇಳೀರಿ ಯಜಮಾನ್ರೇ” ಎಂದ ಕಂಡಕ್ಟರು.

ವೀರಬಸಪ್ಪ ತನ್ನ ಅಂಗಡಿಯ ದಿಕ್ಕಿಗೆ ಒಮ್ಮೆ ನೋಡಿ, ಗಡಗಡಿಸುವ ಎಂಜಿನ್ನಿಗೆ ಇನ್ನಷ್ಟು ಒತ್ತಿ ಕೂತು, ಜೇಬಿಗೆ ಕೈ ಹಾಕಿದ.

“ಶಿವಮೊಗ್ಗಕ್ಕ ಒಂದು ಕೊಡ್ರಿ.”