ಒಂಬತ್ತೂವರೆ ತಾಸು

ಫೆಬ್ರುವರಿ 3, ಬೆಳಿಗ್ಗೆ ಹತ್ತೂಕಾಲು. ಶಹಾಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಅವ್ವನ ಹಳೆಯ ಇಳಕಲ್ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಕೌದಿ ಹೊಲಿಯಲು ಕೂತೆವು. ಇಷ್ಟನ್ನು ಅಂದೇ ಡೈರಿಯಲ್ಲಿ ಬರೆದಿದ್ದೇನೆ. ಮುಂದಿನದನ್ನು ಬರೆಯಲು ನಾಚಿಕೆಯಾಗಿ ಇಷ್ಟು ದಿನ ಹಿಡಿಯಿತು.

ನಮ್ಮ ಓಣಿಯಲ್ಲಿ ಚಳಿಗಾಲದ ಕೊನೆಯೆಂದರೆ ಕೌದಿಯ ಕಾಲ. ತೊಗರಿ ರಾಶಿ ಮುಗಿದಿರುತ್ತದೆ, ಬಿಸಿಲು ಬೆನ್ನಿಗೆ ಹಿತವಾಗಿರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಯಿತೆಂದರೆ ಮಾಳಿಗೆ ಕಾದ ಹಂಚು. ದಪ್ಪ ಬಟ್ಟೆಯನ್ನು ತೊಡೆಯ ಮೇಲೆ ಹೇರಿಕೊಂಡು ಕೂರಲಾಗದು. ಅಷ್ಟರೊಳಗೆ ಮೂರು ಮನೆಯ ಕೌದಿ ಮುಯ್ಯಿಯ ಮೇಲೆ ಮುಗಿಯಬೇಕು. ಇವತ್ತು ನೀವು ನಮ್ಮ ಕೆಲಸಕ್ಕೆ ಕೈ ಹಚ್ಚಿದರೆ ನಾಳೆ ನಿಮ್ಮ ಕೆಲಸಕ್ಕೆ ನಾವು, ಅದೇ ಮುಯ್ಯಿ. ಮೊದಲು ನಮ್ಮದು, ಆಮೇಲೆ ಪಕ್ಕದ ಮನೆಯ ಅಕ್ಕನದು, ಕೊನೆಗೆ ಎದುರುಮನೆಯ ದೊಡ್ಡವ್ವನದು. ಇಬ್ಬರೂ ನಮಗೆ ಬಳಗವಲ್ಲ, ಹಾಗೆ ಕರೆದು ರೂಢಿ.

ನಾನು ಎಲ್ಲವನ್ನೂ ಬರೆದಿಡುವವಳು. ಯಾರು ಎಷ್ಟಕ್ಕೆ ಬಂದರು, ಎಷ್ಟಕ್ಕೆ ಎದ್ದರು, ಎಷ್ಟು ಉಂಡೆ ದಾರ ಮುಗಿಯಿತು, ಎಲ್ಲ. ಅಕ್ಕ ದಿನಾ ಊರ ಲೆಕ್ಕ ಬರೆಯುವ ಪಟವಾರಿಯ ಹೆಸರಿಟ್ಟು ಕಾಡುತ್ತಿದ್ದಳು. "ಪಟವಾರಿ ಬಾಯಿ, ನಮ್ಮ ಹಾಜರಿ ಹಾಕಿದ್ಯೋ ಇಲ್ಲೋ?"

ಒಂಬತ್ತನೆಯ ದಿನ ಅವಳೇ ಕೇಳಿದಳು. "ಓದು ನೋಡೂಣು, ಯಾರ ನಂಬರ್ ಮೊದಲ ಬಂದೈತಿ?"

ನಗುತ್ತಾರೆಂದುಕೊಂಡು ಓದಿದೆ. ಅವ್ವ ಇಪ್ಪತ್ತೆಂಟು ತಾಸು, ಅಕ್ಕ ಇಪ್ಪತ್ತೊಂದು, ನಾನು ಹತ್ತೊಂಬತ್ತು. ಅಲ್ಲಿಗೆ ನಿಲ್ಲಿಸಿದೆ. ದೊಡ್ಡವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ನಂದು ಎಷ್ಟವ್ವ?"

"ಒಂಬತ್ತೂವರಿ, ದೊಡ್ಡವ್ವ."

"ಹೌದು, ಬರೋಬ್ಬರಿ ಬರದೀ," ಎಂದಳು. ಕೈಯಲ್ಲಿದ್ದ ಸಾಲು ಮುಗಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಇಳಿದುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಅವ್ವ ನನಗೆ ಬೈಯಲಿಲ್ಲ. ಕೌದಿಯ ಮೇಲ್ಮೈ ತೋರಿಸಿದಳು: ಕೆಂಪು, ಹಸಿರು, ನೀಲಿ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದ ಮೇಲ್ಬಟ್ಟೆ. "ಇದನ್ನ ಯಾರ ಕೂಡಿಸ್ಯಾರ ಅಂತ ಮಾಡೀ? ಆಕಿಗೆ ನೆಲದ ಮ್ಯಾಲ ಕೂಡೂದು ಆಗೂದಿಲ್ಲ. ಸಂಕ್ರಾಂತಿಯಿಂದ ದಿನಾ ಮುಂಜಾನಿ ಹೊರಸಿನ ಮ್ಯಾಲ ಕುಂತು ನಮ್ಮ ಸಲುವಾಗಿ ಕೂಡಿಸ್ಯಾಳ."

ಡೈರಿ ತಿರುವಿದೆ. ಫೆಬ್ರುವರಿ 3ರ ಪುಟದಲ್ಲಿ ನನ್ನದೇ ಅಕ್ಷರ: "ಎದುರುಮನೆಯಿಂದ ಬಂದದ್ದು, ಮೇಲ್ಬಟ್ಟೆ ಒಂದು." ಸಾಮಾನಿನ ಪಟ್ಟಿಯಲ್ಲಿ, ದಾರದ ಉಂಡೆಗಳ ಕೆಳಗೆ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಲೆಕ್ಕ ತಪ್ಪಿದ್ದರೆ ತಿದ್ದಿದರಾಯಿತು ಎಂದುಕೊಂಡೆ. ತುಂಡುಗಳನ್ನು ಎಣಿಸಿದೆ, ನೂರಾ ಹನ್ನೆರಡು. ಒಂದಕ್ಕೆ ಇಷ್ಟು ಹೊತ್ತು ಎಂದು ಹಿಡಿದು, ಒಂಬತ್ತೂವರೆ ಹೊಡೆದುಹಾಕಿ ನಲವತ್ತೇಳು ಎಂದು ಬರೆದೆ. ಆ ಪುಟ ಹಿಡಿದುಕೊಂಡು ಎದುರುಮನೆಗೆ ಹೋದೆ.

ದೊಡ್ಡವ್ವ ಮೊದಲು ಚಹಾ ಕೊಟ್ಟಳು. ನಾನು ಓದಿದ್ದನ್ನು ಪೂರ್ತಿ ಕೇಳಿದಳು.

"ಮೊದಲ ಕಮ್ಮಿ ತೂಗಿದಿ, ಈಗ ಹೆಚ್ಚು ತೂಗಾಕತ್ತಿ. ತಕ್ಕಡಿ ಮಾತ್ರ ಕೈಯಾಗಿಂದ ಬಿಡವಲ್ಲಿ," ಎಂದಳು.

"ತಪ್ಪಾತು ದೊಡ್ಡವ್ವ. ನಾಳಿಂದ ಬಾ. ಅಕ್ಕಂದು ಮುಗಿಸಿ ನಿಮ್ಮನಿದು ಹಿಡಿಯೂಣು."

"ನಿಮ್ಮ ಕೌದಿ ಮುಗೀತಲ್ಲ, ಹೊಚ್ಚಿಕೊಳ್ರಿ. ನಮ್ಮನಿದು ಈ ವರ್ಷ ಬ್ಯಾಡ ಬಿಡವ್ವ. ನಿಮ್ಮ ತಾಸು ನನ್ನ ಮ್ಯಾಲ ಯಾಕ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅತ್ತು ಕಾಲು ಹಿಡಿಯುತ್ತಿದ್ದೆನೇನೋ. ಲೋಟ ತೊಳೆದಿಟ್ಟು ಬಂದೆ. ಅವಳು ಕೌದಿಗೆಂದು ತೆಗೆದಿಟ್ಟಿದ್ದ ಹಳೆಯ ಸೀರೆಗಳ ಗಂಟು ಬಾಗಿಲ ಹಿಂದೆಯೇ ಇತ್ತು.

ಅಕ್ಕನ ಕೌದಿ ಮುಗಿಯಿತು. ಅಕ್ಕ ಈಗ ನನ್ನನ್ನು ಪಟವಾರಿ ಎನ್ನುವುದಿಲ್ಲ. ಅವ್ವ ಎರಡು ಸಲ ಎದುರುಮನೆಗೆ ಹೋಗಿ ಕರೆದಳು. ದೊಡ್ಡವ್ವ ಊರಿನ ಮಾತೆಲ್ಲ ಆಡಿದಳು, ಗಂಟು ಮಾತ್ರ ಬಿಚ್ಚಲಿಲ್ಲ. ಶಿವರಾತ್ರಿಗೆ ಇನ್ನು ಆರು ದಿನ. ನಾಲ್ವರು ಕೂತರೂ ಒಂದು ಕೌದಿಗೆ ಆರು ದಿನ ಸಾಲದು, ಆದರೆ ಅರ್ಧವಾದರೂ ಆದೀತು.

ಅವ್ವನ ತವರು ಕೆಂಭಾವಿ. ಅಲ್ಲಿ ಹೀಗೆ ಮುಯ್ಯಿ ಮುರಿದಾಗ ತಪ್ಪಿದವರು ಏನೋ ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಏನೋ ಹೇಳಿ, ಮತ್ತೆ ಕೂಡಿಸಿಕೊಳ್ಳುತ್ತಿದ್ದರಂತೆ. ಏನು ಕಟ್ಟುತ್ತಿದ್ದರು, ಏನು ಹೇಳುತ್ತಿದ್ದರು ಎಂಬುದು ಅವ್ವನಿಗೆ ನೆನಪಿಲ್ಲ. ಅವಳು ಆಗ ಸಣ್ಣವಳು. ಕೆಂಭಾವಿ, ಕಕ್ಕೇರಾ, ಸುರಪುರದ ಕಡೆಯ ಹಿರಿಯರಲ್ಲಿ ಯಾರಿಗಾದರೂ ಇದು ತಿಳಿದಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಶಿವರಾತ್ರಿ ದಾಟಿ ಬಂದರೂ ಅಡ್ಡಿಯಿಲ್ಲ.