ಅತ್ತೆ ತೊಳೆದ ರೋಲು

ನಮ್ಮ ಕಡೆ ಕ್ಯಾಮೆರಾದ ರೋಲನ್ನು ಯಾರೂ ಡೆವಲಪ್ ಮಾಡಿಸುತ್ತಿರಲಿಲ್ಲ, ತೊಳೆಸುತ್ತಿದ್ದರು. "ಸಾಗರ ಪೇಟೆಗೆ ಹೋಗಿ ರೋಲು ತೊಳೆಸ್ಕೊಂಡು ಬಂದೆ" ಅಂದರೆ ಸಾಕು, ಫೋಟೊ ಬಂತು ಎಂದೇ ಅರ್ಥ. ಆ ಒಂದು ಮಾತು ಅರವತ್ತರ ದಶಕದಲ್ಲಿ ನನಗೆ ಮಾಡಿದ್ದನ್ನು ಯಾವ ಶತ್ರುವೂ ಮಾಡಲಿಲ್ಲ.

ನಾವಾಗ ಕಾರ್ಗಲ್ಲಿನ ಕಾಲೊನಿಯಲ್ಲಿದ್ದೆವು. ನಮ್ಮವರಿಗೆ ಅಣೆಕಟ್ಟಿನ ಸ್ಟೋರಿನಲ್ಲಿ ಕೆಲಸ. ತೀರ್ಥಹಳ್ಳಿಯ ನನ್ನಣ್ಣ ಒಂದು ಡಬ್ಬಿ ಕ್ಯಾಮೆರಾ ಕೊಟ್ಟಿದ್ದ. ಹೊಟ್ಟೆಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ಇಣುಕಬೇಕು. ದೂರದಿಂದ ನೋಡಿದವರಿಗೆ ಹೊಟ್ಟೆನೋವು ಬಂದವರ ಹಾಗೆ ಕಾಣುತ್ತಿತ್ತು. ಒಬ್ಬರು ಓಡಿ ಬಂದು ಓಮದ ನೀರು ಕೊಟ್ಟೂ ಇದ್ದರು.

ಆ ವರ್ಷ ಕಾಲೊನಿಯ ಕ್ಲಬ್ಬಿನಲ್ಲಿ ಫೋಟೊ ಪ್ರದರ್ಶನ ಎಂದು ಬೋರ್ಡು ಹಾಕಿದರು. ನಾನು ಹೆಸರು ಕೊಡಲು ಹೋದೆ. ಕಾರ್ಯದರ್ಶಿ ಕನ್ನಡಕದ ಮೇಲಿಂದ ನೋಡಿದರು.

"ಹೆಂಗಸ್ರಿಗೆ ರಂಗೋಲಿ ಸ್ಪರ್ಧೆ ಬೇರೆ ಇದೆ ಅಲ್ದಾ ಅಮ್ಮ?"

"ಅದಕ್ಕೆ ನಮ್ಮನೆಯೋರ ಹೆಸ್ರು ಬರ್ಕೊಳಿ. ನಂದು ಫೋಟೊಕ್ಕೆ" ಎಂದೆ.

ಹಾಗೆ ಹೇಳಿ ಬಂದ ಮೇಲೆ ಗೋಡೆಯ ಮೇಲೆ ನನ್ನದೊಂದು ಫೋಟೊ ತೂಗಲೇಬೇಕಾಯಿತು. ತೂಗದಿದ್ದರೆ ಆ ಕಾರ್ಯದರ್ಶಿ ನಿವೃತ್ತಿಯಾಗುವವರೆಗೂ ನನ್ನನ್ನು ಕಂಡಾಗಲೆಲ್ಲ ರಂಗೋಲಿ ಪುಡಿಯ ಮಾತೆತ್ತುತ್ತಿದ್ದರು.

ಒಂದು ರೋಲಿಗೆ ಹನ್ನೆರಡೇ ಫೋಟೊ. ಈಗ ನನ್ನ ಮೊಮ್ಮಗಳು ಒಂದು ದೋಸೆಯನ್ನೇ ಅಷ್ಟು ಸಲ ತೆಗೆಯುತ್ತಾಳೆ, ದೋಸೆ ಆರಿ ಚಪ್ಪಲಿಯಾಗಿರುತ್ತದೆ. ನಾನು ಒಂದು ಫೋಟೊಕ್ಕೆ ಒಂದು ವಾರ ಯೋಚಿಸುತ್ತಿದ್ದೆ. ಉಳಿದವರೆಲ್ಲ ಅಣೆಕಟ್ಟನ್ನೇ ತರುತ್ತಾರೆ ಎಂದು ಗೊತ್ತಿತ್ತು. ಎಡದಿಂದ ಅಣೆಕಟ್ಟು, ಬಲದಿಂದ ಅಣೆಕಟ್ಟು, ಟೊಪ್ಪಿ ಹಾಕಿದ ಸಾಹೇಬರ ಹಿಂದೆ ಅಣೆಕಟ್ಟು. ಅದಕ್ಕೇ ನಾನು ತೀರ್ಥಹಳ್ಳಿಗೆ ಹೋಗಿಬರುವಾಗ ಹೊಸನಗರದಲ್ಲಿ ಬಸ್ಸಿನ ಟಾಪಿನಲ್ಲಿ ಕೂತ ಕೋಳಿಬುಟ್ಟಿ ತೆಗೆದೆ. ತೀರ್ಥಹಳ್ಳಿಯ ನಮ್ಮ ದೊಡ್ಡಮ್ಮನಿಗೆ "ನಗಿ" ಎಂದೆ. ಅವರು ಸೂಜಿ ಚುಚ್ಚುವ ಡಾಕ್ಟರನ್ನು ಕಂಡಂತೆ ನಿಂತರು. ಎಲ್ಲಕ್ಕಿಂತ ಒಳ್ಳೆಯದು ಕೊನೆಯದು: ನಶ್ಯ ಏರಿಸಿದ ನಮ್ಮ ಅತ್ತೆ ಸೀನುವ ಕ್ಷಣ. ಸೆರಗು ಒಂದು ಕಡೆ, ಬಾಯಿ ಒಂದು ಕಡೆ. ಗೋಡೆಗೆ ಹೋಗಬೇಕಾದ್ದು ಅದೇ ಎಂದು ಆಗಲೇ ನಿಶ್ಚಯಿಸಿದೆ.

ರೋಲು ಮುಗಿದ ದಿನ ಅಡುಗೆಮನೆಯಿಂದಲೇ ನಮ್ಮವರಿಗೆ ಕೂಗಿ ಹೇಳಿದೆ, "ರೋಲು ಕಿಟಕಿ ಹತ್ರ ಇಟ್ಟಿದೀನಿ. ಪ್ರದರ್ಶನ ಹತ್ರ ಬಂತು, ಬೇಗ ತೊಳೆಸ್ಬೇಕು." ಹೇಳಿ ಸಂತೆಗೆ ಹೋದೆ.

ವಾಪಸು ಬಂದು ನೋಡುತ್ತೇನೆ, ಅಂಗಳದ ಹಗ್ಗದ ಮೇಲೆ ನಮ್ಮವರ ಬನೀನಿಗೂ ಪಂಚೆಗೂ ನಡುವೆ ಉದ್ದಕ್ಕೆ ಏನೋ ಒಂದು ಬಿಸಿಲಿನಲ್ಲಿ ಜೋತಾಡುತ್ತಿದೆ.

"ಅತ್ತೇ, ಎಂತ ಅದು?"

"ನಿನ್ನ ರೋಲು ಕಣೇ. ಇಷ್ಟು ಚೂರು ತೊಳೆಯಕ್ಕೆ ಸಾಗರದವರೆಗೆ ಯಾಕೆ? ಅಂಟುವಾಳ ಹಾಕಿ ನಾನೇ ತೊಳ್ದೆ. ಎಂತ ಕೊಳೆ ಮಾರಾಯ್ತಿ! ನೀರೆಲ್ಲ ನೇರಳೆ!"

"ಬೆಳಕು ಬೀಳ್ದ ಹಾಗೆ ಅದಕ್ಕೆ ಸುತ್ತಿದ್ದ ಕಾಗ್ದ?"

"ಬಚ್ಚಲೊಲೆಗೆ ಹಾಕ್ದೆ. ಚೆನ್ನಾಗಿ ಉರೀತು."

ನಾನು ಮೆಟ್ಟಿಲ ಮೇಲೆ ಕುಳಿತೆ. ಅತ್ತೆ ಪಾಪ, "ಬಿಸಿಲಿಗೆ ತಲೆ ತಿರುಗ್ತಾ?" ಎಂದು ಮಜ್ಜಿಗೆ ತಂದುಕೊಟ್ಟರು.

ಆದರೂ ಆಸೆ ನೋಡಿ, ಅದನ್ನು ಸುತ್ತಿಕೊಂಡು ನಾನೇ ಸಾಗರದ ಸ್ಟುಡಿಯೊಗೆ ಹೋದೆ. ಸ್ಟುಡಿಯೊದವರು ತಮ್ಮ ರೀತಿಯಲ್ಲಿ ಮತ್ತೊಮ್ಮೆ ತೊಳೆದರು. ಬೆಳಕು ಕುಡಿದ ಫಿಲ್ಮು ಇದ್ದಿಲಿನಂತೆ ಕಪ್ಪಾಗಿತ್ತು. ಅದರಿಂದ ಕಾಗದದ ಮೇಲೆ ಬಂದದ್ದು ಬರೀ ಬಿಳುಪು.

"ಅಕ್ಕಾ, ಇದು ಫೋಟೊ ಅಲ್ಲ, ಮಜ್ಜಿಗೆ" ಎಂದರು.

"ಒಂದನ್ನ ದೊಡ್ಡದು ಮಾಡಿ ಕೊಡಿ."

"ಯಾವ್ದನ್ನ?"

"ಚೆನ್ನಾಗಿ ಬಂದಿದ್ದನ್ನ."

ಅವರು ಬಹಳ ಹೊತ್ತು ಹುಡುಕಿ ಒಂದನ್ನು ಆರಿಸಿದರು. ಫೋಟೊದ ಅಡಿಯ ಚೀಟಿಯಲ್ಲಿ ಏನು ಬರೆಯಲಿ ಎಂದಾಗ ನಾನು ಆಗುಂಬೆ ಕಡೆಯ ಹವೆಯನ್ನು ನೆನೆದು "ಮೇಗರವಳ್ಳಿಯ ಮಂಜು" ಎಂದೆ.

ಪ್ರದರ್ಶನದ ದಿನ ಒಂದು ಸಾಲು ಅಣೆಕಟ್ಟುಗಳ ನಡುವೆ ನನ್ನ ಮಂಜು ತೂಗಿತು. ಎಂಜಿನಿಯರುಗಳು ಅದರ ಮುಂದೆಯೇ ಗುಂಪು ಕಟ್ಟಿದರು. ಒಬ್ಬರಿಗೆ ಬಲಗಡೆ ಒಂದು ಮರ ಕಂಡಿತು. ಇನ್ನೊಬ್ಬರು "ಮರ ಅಲ್ಲ ಸಾರ್, ಬಸ್ಸು ಬರ್ತಾ ಇದೆ" ಎಂದರು. ನಮ್ಮವರು ಬೆವರು ಒರೆಸಿಕೊಳ್ಳುತ್ತ ಮೂಲೆಯಲ್ಲಿ ನಿಂತಿದ್ದರು. ಕಾರ್ಯದರ್ಶಿಯೂ ಗಂಭೀರವಾಗಿ ತಲೆ ಆಡಿಸುತ್ತಿದ್ದರು.

ಆಗ ಅತ್ತೆ ಬಂದರು.

"ಇದರಲ್ಲಿ ನಾನೆಲ್ಲೇ?" ಎಂದು ಹತ್ತಿರ ಹೋಗಿ ನೋಡಿದರು. ನಾನು ಅವರ ಸೆರಗು ಹಿಡಿದು ಎಳೆಯುವಷ್ಟರಲ್ಲಿ ಎಲ್ಲರ ಕಡೆ ತಿರುಗಿ, "ಇದು ನಾನೇ ತೊಳ್ದಿದ್ದು! ಅಂಟುವಾಳದಲ್ಲಿ. ನೋಡಿ, ಒಂದು ಕಲೆ ಉಳ್ದಿಲ್ಲ. ನಿಮ್ಮೆಲ್ಲರದ್ದೂ ಕಪ್ಪು ಕಪ್ಪು ಉಳ್ಕೊಂಡಿದೆ" ಎಂದರು.

ಕಾರ್ಯದರ್ಶಿ ಫೋಟೊ ಇಳಿಸಲು ಸ್ಟೂಲು ಎಳೆದರು. ಅಷ್ಟರಲ್ಲಿ ದೊಡ್ಡ ಸಾಹೇಬರ ಹೆಂಡತಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕವರು, ಅವರನ್ನು ತಡೆದರು.

"ಇರ್ಲಿ ಬಿಡ್ರಿ. ದಿನಾ ಮನೇಲಿ ಅಣೆಕಟ್ಟಿನ ಮಾತೇ ಕೇಳಿ ಕೇಳಿ ಸಾಕಾಗಿದೆ. ಅಣೆಕಟ್ಟಿಲ್ಲದ್ದು ಇಲ್ಲಿ ಇದೊಂದೇ."

ಸಾಹೇಬರ ಹೆಂಡತಿಯ ಮಾತು ಮೀರುವ ಧೈರ್ಯ ಆ ಕಾಲೊನಿಯಲ್ಲಿ ಸಾಹೇಬರಿಗೂ ಇರಲಿಲ್ಲ. ಸ್ಟೂಲು ವಾಪಸು ಹೋಯಿತು. ಆಕೆ ಹೇಳಿದ್ದಕ್ಕೆ ಕಾರ್ಯದರ್ಶಿಯೇ ಪೆನ್ನು ತೆಗೆದು ಚೀಟಿಯ ಮೇಲಿದ್ದ ನನ್ನ ಹೆಸರಿನ ಕೆಳಗೆ "ತೊಳೆದವರು: ಅತ್ತೆ" ಎಂದು ಬರೆಯಬೇಕಾಯಿತು.

ಅತ್ತೆ ಆ ಸಂಜೆಯೆಲ್ಲ ಅದರ ಪಕ್ಕ ಬಿಟ್ಟು ಕದಲಲಿಲ್ಲ. ಯಾರಾದರೂ ಮರ ತೋರಿಸಲು ಬೆರಳು ಚಾಚಿದರೆ ಸಾಕು, "ಮುಟ್ಬೇಡಿ ಮಾರಾಯ್ರೆ, ಮತ್ತೆ ಕೊಳೆ ಆಗ್ತದೆ" ಎನ್ನುತ್ತಿದ್ದರು.